ಬ್ರೇಕಿನ ಎಡಗಿವಿ

ಬೆಳಿಗ್ಗೆ ಕಾಫಿಗೆ ಕಲ್ಲುಸಕ್ಕರೆ ಎಂದುಕೊಂಡು ಬಿಳಿಗಾರದ ಹರಳೊಂದನ್ನು ಹಾಕಿಕೊಳ್ಳುವವನಿದ್ದೆ. ಡಾಕ್ಟರು ಸಕ್ಕರೆ ಬಿಡಿ ಎಂದ ಮೇಲೆ ನಾನು ಸಕ್ಕರೆ ಬಿಟ್ಟು ಕಲ್ಲುಸಕ್ಕರೆ ಹಿಡಿದಿದ್ದೇನೆ. ಅದು ಬೇರೆ, ಇದು ಬೇರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹರಳು ಲೋಟಕ್ಕೆ ಬೀಳುವುದರಲ್ಲಿತ್ತು, ಅಮ್ಮ ನೋಡಿದಳು.

"ಅದು ಬಿಳಿಗಾರ ಕಣೋ. ಅದ್ನ ಅಡುಗೆಮನೆಗೆ ಯಾಕ್ ತಂದಿಟ್ಟಿದೀಯ?"

ಯಾಕೆ ತಂದಿಟ್ಟೆ ಎಂದು ಹೇಳಲು ಹೋದರೆ ಇನ್ನೂ ಒಂದು ವಿಷಯ ಹೇಳಬೇಕಾಗುತ್ತದೆ. ಅದನ್ನು ಹೇಳಲಾರದೆ ನಾನು ಕೆಲವು ದಿನಗಳಿಂದ ಮನೆಯಲ್ಲಿ ಕಳ್ಳನ ಹಾಗೆ ಓಡಾಡುತ್ತಿದ್ದೆ. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ವರಾಂಡಕ್ಕೆ ಬಂದು ಕೂತೆ. ಎದುರಿಗೆ ಸೈಕಲ್ಲು ನಿಂತಿತ್ತು.

ಬಿಳಿಗಾರ ಎಂದರೆ ನಿಮಗೆ ಮಕ್ಕಳ ಬಾಯಿಹುಣ್ಣಿಗೆ ಜೇನಿನಲ್ಲಿ ತೇಯ್ದು ಹಚ್ಚುತ್ತಿದ್ದುದು ನೆನಪಾಗಬಹುದು. ಹಿತ್ತಾಳೆ ಕರಗಿಸಿ ಕಬ್ಬಿಣಕ್ಕೆ ಬೆಸುಗೆ ಹಾಕುವವರಿಗೂ ಅದು ಬೇಕು. ಬಿಸಿಯಾದ ಕಬ್ಬಿಣದ ಮೇಲೆ ಅದನ್ನು ಉದುರಿಸದಿದ್ದರೆ ಹಿತ್ತಾಳೆ ಗುಂಡಗುಂಡಗೆ ಉರುಳಿ ಕೆಳಗೆ ಬೀಳುತ್ತದೆ, ಹಿಡಿದುಕೊಳ್ಳುವುದಿಲ್ಲ. ನಮ್ಮ ಸೈಕಲ್ಲಿನ ಬ್ರೇಕಿನ ಕಂಬಿ ಹಿಡಿಯುವ ಒಂದು ಕಬ್ಬಿಣದ ಕಿವಿಯನ್ನು ಬೆಸುಗೆ ಹಾಕಿಸಬೇಕೆಂದು ತುಮಕೂರಿನ ಮಂಡಿಪೇಟೆಯ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಕೊಂಡಿದ್ದರಲ್ಲಿ ಉಳಿದದ್ದು ಈ ಪೊಟ್ಟಣ.

ಆ ಕಿವಿಯ ಕೆಲಸಕ್ಕೆ ಓಡಾಡುವಾಗ ಅಪ್ಪನ ಬಗ್ಗೆ ಒಂದು ಸಂಗತಿ ತಿಳಿಯಿತು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾದವು. ನನಗೆ ತಿಳಿದ ಆ ಸಂಗತಿ ಅಮ್ಮನಿಗೆ ಗೊತ್ತಿಲ್ಲ. ಎಂಬತ್ತರ ಹತ್ತಿರ ಬಂದಿರುವವಳಿಗೆ ಹೇಳಿದರೆ ಸಮಾಧಾನವಾಗುತ್ತದೋ, ಇಷ್ಟು ಕಾಲದ ಮೇಲೆ ಹೊಸದೊಂದು ಸಂಕಟ ಹಚ್ಚಿದಂತಾಗುತ್ತದೋ, ನನಗೆ ಗೊತ್ತಾಗುತ್ತಿರಲಿಲ್ಲ. ನೀವೇ ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ, ಮೊದಲಿನಿಂದ ಕೇಳಿ ಹೇಳಿ.

ಸೈಕಲ್ಲು ಅಪ್ಪನಿಗೆ ಮದುವೆಯಲ್ಲಿ ಕೊಟ್ಟದ್ದು. ವರನಿಗೆ ಒಂದು ವಾಚು, ಒಂದು ಸೈಕಲ್ಲು ಕೊಡುವುದು ಆಗಿನ ಪದ್ಧತಿ. ಕೊಟ್ಟವನು ಅಮ್ಮನ ತಂದೆ, ನಮ್ಮ ತಾತ. ಕುಣಿಗಲ್ಲಿನ ಕುದುರೆ ಫಾರ್ಮಿನಲ್ಲಿ ಕುದುರೆಗಳನ್ನು ಮೇಯಿಸಿ, ಮೈ ತಿಕ್ಕಿ, ನಡೆದಾಡಿಸುತ್ತಿದ್ದ. ಹಾಗಾಗಿಯೋ ಏನೋ, ಯಾವ ವಾಹನ ಕಂಡರೂ ಅದು ಹೇಗೆ ಓಡುತ್ತದೆ ಎಂಬುದಕ್ಕಿಂತ ಹೇಗೆ ನಿಲ್ಲುತ್ತದೆ ಎಂಬುದೇ ಅವನಿಗೆ ಮುಖ್ಯ. ಬಸ್ಸು ಹತ್ತುವಾಗ ಟಿಕೆಟ್ಟಿಗೆ ಮೊದಲು ಡ್ರೈವರನ್ನು ಕೇಳುತ್ತಿದ್ದ: "ಬ್ರೇಕು ಹೆಂಗೈತಪ್ಪ?" ಡ್ರೈವರುಗಳು ಕೆಲವರು ನಗುತ್ತಿದ್ದರು, ಕೆಲವರು ಬೈಯುತ್ತಿದ್ದರು. ಜೊತೆಯಲ್ಲಿದ್ದ ನಮಗೆ ನಾಚಿಕೆಯಾಗಿ ಕಿಟಕಿಯ ಕಡೆ ತಿರುಗುತ್ತಿದ್ದೆವು. "ಓಡೋದು ಕುದ್ರೆಗೆ ಹುಟ್ಟಿದಾಗ್ಲೇ ಗೊತ್ತಿರ್ತದೆ. ನಿಲ್ಸೋದು ನಾವು ಕಲೀಬೇಕು ಕಣ್ರಲಾ" ಎನ್ನುತ್ತಿದ್ದ.

ಮದುವೆಯ ದಿನ ಸೈಕಲ್ಲಿಗೆ ಕನಕಾಂಬರ ಸುತ್ತಿ ಚಪ್ಪರದ ಬಾಗಿಲಲ್ಲಿ ನಿಲ್ಲಿಸಿದ್ದರಂತೆ. ಗುಬ್ಬಿಯಿಂದ ಹೋಗಿದ್ದ ಬೀಗರೆಲ್ಲ ಒಬ್ಬೊಬ್ಬರಾಗಿ ಬಂದು ಗಂಟೆ ಬಾರಿಸಿದರು. ಅಪ್ಪನ ಸೋದರಮಾವ ಮಾತ್ರ ಗಂಟೆಗೆ ತೃಪ್ತಿಪಡಲಿಲ್ಲ. ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತು, ಹಿಂದಿನ ಚಕ್ರದ ಪಕ್ಕ ಅಡಿಯಲ್ಲಿ ಕೈ ಹಾಕಿ ತಡವಿ, ಉಗುರಿನಲ್ಲಿ ಕೆರೆದರು. ಕರೀ ಬಣ್ಣದ ಕೆಳಗೆ ಹಳದಿ ಕಾಣಿಸಿತು.

"ಫ್ರೇಮು ಮುರ್ದೋಗಿರೋ ಸೈಕಲ್ಲು. ಹಿತ್ತಾಳೆ ಬೆಸುಗೆ ಹಾಕ್ಸಿ ಮೇಲೆ ಬಣ್ಣ ಬಳ್ದವ್ರೆ" ಎಂದರು.

ನಮ್ಮ ಕಡೆ ಸೈಕಲ್ಲಿನ ಕೊಳವೆಯ ಮೇಲೆ ಹಿತ್ತಾಳೆ ಕಂಡರೆ ಅದಕ್ಕೆ ಒಂದೇ ಅರ್ಥ. ಹಳೆಯ ಸೈಕಲ್ಲು ಕೊಳ್ಳುವವರು ಮೊದಲು ಅಡಿಯಲ್ಲಿ ಬಗ್ಗಿ ಉಗುರಿನಿಂದ ಕೆರೆಯುತ್ತಿದ್ದುದು ಅದಕ್ಕೇ. ಹೊಸ ಸೈಕಲ್ಲಿನಲ್ಲಿ ಅಂಥ ಬೆಸುಗೆಯನ್ನು ಯಾರೂ ಕಂಡಿರಲಿಲ್ಲ. ತಾತ "ಹೊಸದು ಸ್ವಾಮಿ" ಎಂದು ಒಂದೇ ಮಾತು ಹೇಳಿ, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು ಪಂಕ್ತಿಯ ಕಡೆ ನಡೆದುಬಿಟ್ಟನಂತೆ. ಹೆಣ್ಣಿನ ತಂದೆ ಚಪ್ಪರದಲ್ಲಿ ನಿಂತು ವಾದ ಮಾಡುವುದುಂಟೆ? ಹಸೆಯ ಮೇಲಿದ್ದ ಅಪ್ಪ ವಾಚು ಕಟ್ಟಿಕೊಂಡರು. ಸೈಕಲ್ಲು ನನಗೆ ಬೇಡ ಎಂದರು. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು.

ಈ ಕತೆಯನ್ನು ನೆಂಟರೆಲ್ಲ ನನಗೆ ಹೇಳಿದ್ದಾರೆ, ಕೆಲವರು ತಾವೇ ಉಗುರು ಹಾಕಿ ಕೆರೆದಂತೆ ಹೇಳಿದ್ದಾರೆ. ಹೇಳದೇ ಇದ್ದವರು ಅಪ್ಪ ಅಮ್ಮ ಇಬ್ಬರೇ.

ಕೊಟ್ಟದ್ದನ್ನು ತವರಲ್ಲೇ ಬಿಡುವುದು ಶುಭವಲ್ಲವೆಂದು ಸೈಕಲ್ಲು ಅಮ್ಮನ ಟ್ರಂಕಿನ ಜೊತೆ ಬಸ್ಸಿನ ಮೇಲೇರಿ ಗುಬ್ಬಿಗೆ ಬಂತು. ಬಂದು ನಡುಮನೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ನಿಂತಿತು. ಅಪ್ಪ ಮೇಷ್ಟ್ರು. ಶಾಲೆ ಊರಾಚೆ ದೂರದ ಹಳ್ಳಿಯಲ್ಲಿ. ಕೆರೆಯ ಕೋಡಿಯ ಹತ್ತಿರ ಒಂದು ಕಡಿದಾದ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ತಿರುವು, ಅಲ್ಲಿಂದ ಮುಂದೆ ಬಯಲು. ಅಷ್ಟನ್ನೂ ಹೋಗುವಾಗ ಬರುವಾಗ ನಡೆದೇ ಹೋಗುತ್ತಿದ್ದರು. ಮನೆಯಲ್ಲಿ ಸೈಕಲ್ಲಿಟ್ಟುಕೊಂಡು ನಡೆಯುವ ಮೇಷ್ಟ್ರು ಎಂದು ಊರಲ್ಲಿ ನಗುತ್ತಿದ್ದರು. ಸಂಜೆ ಬಂದರೆ ಹಿಮ್ಮಡಿ ಒಡೆದಿರುತ್ತಿತ್ತು. ಅಮ್ಮ ಹರಳೆಣ್ಣೆ ಬಿಸಿಮಾಡಿ ಹಚ್ಚುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಪಕ್ಕದಲ್ಲೇ ಗೋಣಿಚೀಲ ಹೊದ್ದ ಸೈಕಲ್ಲು.

ನಾನು ಕದ್ದು ಚೀಲ ಸರಿಸಿ, ಸ್ಟಾಂಡಿನ ಮೇಲಿದ್ದಂತೆಯೇ ಹತ್ತಿ ಪೆಡಲು ತುಳಿಯುತ್ತಿದ್ದೆ. ಹಿಂದಿನ ಚಕ್ರ ಗಾಳಿಯಲ್ಲಿ ಭರ್ರನೆ ತಿರುಗುತ್ತಿತ್ತು. ನಡುಮನೆಯಲ್ಲೇ ತುಮಕೂರು ಮುಟ್ಟಿ, ಬೇಜಾರಾದರೆ ಬೆಂಗಳೂರಿಗೂ ಹೋಗಿ ಬಂದಿದ್ದೇನೆ. ಅಪ್ಪನ ಕೈಗೆ ಸಿಕ್ಕಿಬಿದ್ದರೆ, "ಇಳಿಯೋ, ಅದು ಮುರಿದಿರೋದು, ಬಿದ್ದುಗಿದ್ದೀಯ" ಎನ್ನುತ್ತಿದ್ದರು. ನಿಂತಲ್ಲೇ ನಿಂತ ಸೈಕಲ್ಲಿನಿಂದ ಎಲ್ಲಿಗೆ ಬೀಳುವುದು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಯುಧಪೂಜೆಯ ದಿನ ಮಾತ್ರ ಚೀಲ ಅಧಿಕೃತವಾಗಿ ತೆಗೆಯುತ್ತಿದ್ದರು. ಅಮ್ಮ ಹ್ಯಾಂಡಲ್ಲಿಗೆ ವಿಭೂತಿ ಎಳೆದು ಹೂವಿಡುತ್ತಿದ್ದಳು. ಅಪ್ಪ ಕೈ ಮುಗಿಯುತ್ತಿದ್ದರು. ತಾವು ಹತ್ತದ ಸೈಕಲ್ಲಿಗೆ ಅಷ್ಟು ಭಕ್ತಿಯಿಂದ ಕೈಮುಗಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮ್ಮ ಚಕ್ರಕ್ಕೂ ಪೆಡಲಿಗೂ ವಿಭೂತಿ ಹಚ್ಚಿದರೂ ಹಿಂದುಗಡೆ ಅಡಿಯಲ್ಲಿ, ಆ ಬೆಸುಗೆಯ ಕಡೆ, ಬಗ್ಗಿ ಕೂಡ ನೋಡುತ್ತಿರಲಿಲ್ಲ.

ತಾತ ವರ್ಷಕ್ಕೊಮ್ಮೆ ಮಗಳನ್ನು ನೋಡಲು ಬರುತ್ತಿದ್ದ. ಅಪ್ಪ "ಕೆರೆ ತುಂಬೈತಾ?" ಎಂದು ಕೇಳುತ್ತಿದ್ದರು. ತಾತ ಕುಣಿಗಲ್ ದೊಡ್ಡಕೆರೆಯ ವರದಿ ಒಪ್ಪಿಸುತ್ತಿದ್ದ. ತುಂಬಿದ್ದರೆ ತುಂಬೈತೆ, ಇಲ್ಲದಿದ್ದರೆ ಇಲ್ಲ. ಮಾವ ಅಳಿಯನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಊಟ ಮಾಡುತ್ತಾ ತಾತನ ಕಣ್ಣು ಒಮ್ಮೆ ಗೋಣಿಚೀಲದ ಕಡೆ ಹೋಗಿ ಎಲೆಗೆ ವಾಪಸ್ಸಾಗುತ್ತಿತ್ತು.

ಇನ್ನೊಂದು ನೆನಪಿದೆ. ನಾನು ಸ್ವಲ್ಪ ದೊಡ್ಡವನಾದ ಮೇಲೆ ಅಪ್ಪನಿಗೊಂದು ಹೊಸ ಅಭ್ಯಾಸ ಹತ್ತಿತು. ಭಾನುವಾರ ಸ್ನಾನಕ್ಕೆ ಮುಂಚೆ, ತಲೆಗೆ ಹಚ್ಚಿಕೊಂಡು ಮಿಕ್ಕ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಒತ್ತಿ, ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಅಡಿಯಲ್ಲಿ ಒರೆಸುತ್ತಿದ್ದರು. ಚಕ್ರ ಒರೆಸುತ್ತಿರಲಿಲ್ಲ, ಹ್ಯಾಂಡಲ್ಲು ಒರೆಸುತ್ತಿರಲಿಲ್ಲ, ಬೆಸುಗೆಯ ಜಾಗವೊಂದನ್ನೇ. ಎಣ್ಣೆ ದಂಡವಾಗಬಾರದೆಂಬ ಮೇಷ್ಟ್ರ ಲೆಕ್ಕಾಚಾರ ಎಂದುಕೊಂಡಿದ್ದೆ. ಅಮ್ಮ ಒಲೆಯ ಮುಂದಿನಿಂದ ಅವರನ್ನು ನೋಡಿ ಮುಖ ತಿರುಗಿಸುತ್ತಿದ್ದಳು.

ನಾನು ಕಾಲೇಜಿಗೆ ಸೇರಿದ ಮೇಲೆ ತಾತ ಹೋದ. ಎಲ್ಲರೂ ಕುಣಿಗಲ್ಲಿಗೆ ಹೋದೆವು. ಕೊನೆಗಾಲದಲ್ಲಿ ಏನಾಗಿತ್ತು, ಏನು ತಿಂದ, ಏನು ಅಂದ ಎಂದು ಬಂದವರೆಲ್ಲ ಮಾತಾಡುತ್ತಿದ್ದರು. ಅಪ್ಪ ಜಗಲಿಯ ಕಂಬಕ್ಕೆ ಒರಗಿ ಕೂತವರು ಸಂಜೆಯವರೆಗೆ ಏಳಲಿಲ್ಲ. ಮಾವನ ಮೇಲೆ ಇಷ್ಟು ಪ್ರೀತಿ ಎಲ್ಲಿತ್ತು ಎಂದು ಯಾರೋ ಪಿಸುಗುಟ್ಟಿದರು.

ಅಪ್ಪ ಹೋದ ಮೇಲೆ ಅಮ್ಮನನ್ನು ತುಮಕೂರಿಗೆ ಕರೆತಂದೆ. ಅವಳ ಟ್ರಂಕಿನ ಜೊತೆ ಸೈಕಲ್ಲೂ ಬಂತು, ಈ ಸಲ ಟೆಂಪೋದಲ್ಲಿ. ಡಾಕ್ಟರು ವ್ಯಾಯಾಮ ಮಾಡಿ ಎಂದದ್ದೇ ನೆಪವಾಗಿ ನಾನು ಹಳೆ ಸೈಕಲ್ಲು ಪ್ರೇಮಿಗಳ ವಾಟ್ಸಾಪ್ ಗುಂಪೊಂದಕ್ಕೆ ಸೇರಿದೆ. ಅಲ್ಲಿ ಸೈಕಲ್ಲು ತುಳಿಯುವವರಿಗಿಂತ ಫೋಟೋ ಹಾಕುವವರೇ ಹೆಚ್ಚು. ನನಗೆ ಹೇಳಿ ಮಾಡಿಸಿದ ಜಾಗ. ನಮ್ಮ ಸೈಕಲ್ಲಿನ ಫೋಟೋ ಹಾಕಿದ್ದೇ ತಡ, ಒಬ್ಬರು ಬರೆದರು: "ಹಿಂದಿನ ಬ್ರೇಕಿನ ಕಿವಿ ಫ್ರೇಮಿಗೇ ಬೆಸೆದದ್ದು. ಇಂಥದ್ದು ಅಪರೂಪ, ಬಿಡಬೇಡಿ. ಆದರೆ ಎಡಗಿವಿ ಏನಾಯಿತು?"

ಅವತ್ತೇ ನಾನು ಮೊದಲ ಸಲ ಅಲ್ಲಿ ಸರಿಯಾಗಿ ಬಗ್ಗಿ ನೋಡಿದ್ದು. ಕಂಬಿ ಬ್ರೇಕಿನ ಸೈಕಲ್ಲು ನೀವು ನೋಡಿಯೇ ಇರುತ್ತೀರಿ. ಹಿಡಿ ಒತ್ತಿದರೆ ಉದ್ದನೆಯ ಕಂಬಿ ಎಳೆದು, ಹಿಂದಿನ ಚಕ್ರದ ಸುತ್ತ ಕುದುರೆ ಲಾಳದಂತೆ ಬಾಗಿದ ಇನ್ನೊಂದು ಕಂಬಿ ಬಂದು ಚಕ್ರವನ್ನು ಕಚ್ಚುತ್ತದೆ. ಆ ಲಾಳವನ್ನು ಎಡಕ್ಕೂ ಬಲಕ್ಕೂ ಅಲುಗದಂತೆ ಹಿಡಿಯಲು ಎರಡು ಕಿವಿ ಬೇಕು. ಮಾಮೂಲಿ ಸೈಕಲ್ಲುಗಳಲ್ಲಿ ತಗಡಿನ ಪಟ್ಟಿ ಸುತ್ತಿ ನಟ್ಟು ಬಿಗಿದಿರುತ್ತಾರೆ. ಜೋರಾಗಿ ಬ್ರೇಕು ಹಿಡಿದರೆ ಪಟ್ಟಿ ಕೊಳವೆಯ ಮೇಲೆ ಜಾರುತ್ತದೆ. ನಮ್ಮದರಲ್ಲಿ ಪಟ್ಟಿಯೇ ಇಲ್ಲ. ಬಲಗಡೆ ದಪ್ಪನೆಯ ಕಬ್ಬಿಣದ ಕಿವಿ, ಬುಡದಲ್ಲಿ ಹಿತ್ತಾಳೆಯ ಗೆರೆ. ಎಡಗಡೆ ಗರಗಸದಲ್ಲಿ ಕೊಯ್ದ ಗುರುತು. ಎರಡೂ ಕಡೆ ಒಂದು ಚೂರು ತುಕ್ಕಿರಲಿಲ್ಲ.

ಮುರಿದ ಫ್ರೇಮಲ್ಲ, ಬ್ರೇಕಿಗೆ ಹಾಕಿಸಿದ ಕಿವಿ. ಇಡೀ ಚಪ್ಪರ ತಪ್ಪು ತಿಳಿದಿತ್ತು. ತಾತನಿಗೆ ಆದದ್ದು ಅನ್ಯಾಯ. ಆ ಎಡಗಿವಿಯನ್ನು ಹಾಕಿಸಿ ಸೈಕಲ್ಲನ್ನು ಒಂದು ಸಲವಾದರೂ ರಸ್ತೆಗಿಳಿಸಬೇಕೆಂದು ಹೊರಟೆ.

ಹೊರಟದ್ದು ಸುಲಭ, ಸಿಕ್ಕುವುದು ಕಷ್ಟ. ಗುಜರಿ ಅಂಗಡಿಗಳಲ್ಲಿ ಹುಡುಕಿದೆ. ಗುಂಪಿನ ಸದಸ್ಯರೊಬ್ಬರು ಕೊರಿಯರಿನಲ್ಲಿ ಕಳಿಸಿದ ಕಿವಿ ಯಾವುದೋ ದಪ್ಪ ಕೊಳವೆಯದು, ನಮ್ಮದಕ್ಕೆ ಅಪ್ಪನ ಚಪ್ಪಲಿ ಮಗು ಹಾಕಿಕೊಂಡಂತೆ ಕಂಡಿತು. ಅಂತರಸನಹಳ್ಳಿಯ ವೆಲ್ಡಿಂಗ್ ಶೆಡ್ಡಿನವನು ಕೊಳವೆ ತಟ್ಟಿ ನೋಡಿ, "ಸಾರ್, ಇದು ಪೇಪರ್ ಇದ್ದಂಗೈತೆ. ಆರ್ಕ್ ಇಟ್ರೆ ತೂತೇ. ಹಿತ್ತಾಳೆ ಬೆಸುಗೆ ಹಾಕೋರ್ ಹತ್ರ ಹೋಗಿ" ಎಂದ. ಅವರೆಲ್ಲಿದ್ದಾರೆ ಎಂದರೆ, ಗುಬ್ಬಿಯಲ್ಲಿ ಒಬ್ಬ ಮುದುಕ ಇರಬೇಕು, ಇದ್ದರೆ ಎಂದ. ನಾನು ಹುಟ್ಟಿ ಬೆಳೆದ ಊರಿನ ವಿಳಾಸವನ್ನು ಅಂತರಸನಹಳ್ಳಿಯಲ್ಲಿ ಬರೆದುಕೊಂಡು ಬಂದೆ.

ಗುಬ್ಬಿಯ ಆ ಮುದುಕ, ಸೋಮಾಚಾರಿ, ಇದ್ದರು. ಫೋನಿನಲ್ಲೇ "ಬಿಳಿಗಾರ ನೀವೇ ತನ್ನಿ, ಇಲ್ಲಿಯೋರು ಪುಡಿ ಕೊಡ್ತಾರೆ, ನಂಗೆ ಹರಳೇ ಆಗ್ಬೇಕು" ಎಂದು ಅಪ್ಪಣೆ ಮಾಡಿದ್ದರು. ಹೋದರೆ ಮೊದಲು ತಮ್ಮ ಮಂಡಿನೋವಿನ ಕತೆ ಹೇಳಿದರು, ಆಮೇಲೆ ತಾವು ಬೆಸೆದ ಕೊಡಪಾನಗಳ ಕತೆ, ಆಮೇಲೆ ಈಗಿನವರಿಗೆ ಬೆಂಕಿ ನೋಡಲು ಬರುವುದಿಲ್ಲ ಎಂಬ ಕತೆ. ಕೊನೆಗೆ ಸೈಕಲ್ಲನ್ನು ತಲೆಕೆಳಗು ಮಾಡಿಸಿ, ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದವರು ಎಡಗಡೆಯ ಕೊಯ್ದ ಗುರುತಿನ ಮೇಲೆ ಬೆರಳಾಡಿಸಿದರು.

"ಈ ಕಿವಿ ಕೊಯ್ದೋನು ನಾನೇ" ಎಂದರು.

"ನೆನಪಿದೆಯಾ?" ಎಂದೆ.

"ಹೆಂಡ್ತಿ ಹೆಸ್ರು ಮರ್ತ್ರೂ ನನ್ ಗರಗಸ ಮರೆಯಾಕಿಲ್ಲ. ಒಬ್ರು ಮೇಷ್ಟ್ರು ತಂದಿದ್ರು. ಹತ್ಕಂಡಲ್ಲ, ತಳ್ಕಂಡು. ಹಳೇದು ಅಂತಾರೆ, ಟೈರ್ ಮೇಲೆ ಹೊಸ ಟೈರಿನ ರಬ್ಬರ್ ಕೂದ್ಲು ಹಂಗೇ ಅವೆ. ನಂಗೆ ತಲೆ ಕೆಟ್ಟೋಯ್ತು. ಯಾರು, ನಿಮ್ ತಂದೆಯೋರಾ?"

ನಾನು ತಲೆಯಾಡಿಸಿದೆ.

"ಬೆಸುಗೆ ಕಾಣ್ದಂಗೆ ಎರಡೂ ಕಡೆ ಕೊಯ್ದು, ನೈಸ್ ಮಾಡಿ ಬಣ್ಣ ಹೊಡ್ಕೊಡಪ್ಪ, ಮನೇಲಿ ಯಾರೂ ಇಲ್ಲ, ತವರಿಗೆ ಹೋಗವ್ರೆ, ಬರೋದ್ರೊಳ್ಗೆ ಆಗ್ಬೇಕು ಅಂದ್ರು. ಸ್ಕೂಲಿಗೆ ಇದ್ರಲ್ಲೇ ಹೋಗ್ತೀನಿ ಅಂದ್ರು. ಎಡಗಡೇದು ಕೊಯ್ದೆ. ಅರ ಹಾಕಿ ನೋಡ್ತೀನಿ, ಕೆಳ್ಗೆ ಕೊಳವೆ ಇಡಿಯಾಗೈತೆ. ಮುರ್ದಿದ್ರೆ ಒಂದು ಗೀರಾದ್ರೂ ಇರ್ಬೇಕಲ್ಲ? ಇದು ಮುರಿದಿದ್ದಲ್ಲ ಮೇಷ್ಟ್ರೇ, ಬ್ರೇಕು ಜಾರ್ದಿರ್ಲಿ ಅಂತ ಯಾರೋ ಬೇಕಂತಲೇ ಹಾಕ್ಸವ್ರೆ ಅಂದೆ."

"ಅಪ್ಪ ಏನಂದ್ರು?"

"ಕೊಳವೆ ಮೇಲೆ ಬೆರಳಿಟ್ಟು ಸವರಿದ್ರು. ಸವರ್ತಾನೇ ಇದ್ರು. ವಾಪಸ್ ಹಾಕ್ಕೊಡ್ಲಾ ಅಂದೆ. ಇನ್ನೊಂದ್ ದಿನ ಬರ್ತೀನಿ, ಈಗ ಬುಡು ಅಂದ್ರು. ತಳ್ಕಂಡೇ ಹೋದ್ರು. ಬರ್ಲೇ ಇಲ್ಲ."

ಗೆಳೆಯರೇ, ನಾನು ಅಲ್ಲಿದ್ದ ಮುರುಕು ಸ್ಟೂಲಿನ ಮೇಲೆ ಕೂತುಬಿಟ್ಟೆ. ಭಾನುವಾರದ ಎಣ್ಣೆ ಬಟ್ಟೆ ಕಣ್ಣ ಮುಂದೆ ಬಂತು. ಆ ಅಭ್ಯಾಸ ಯಾವಾಗ ಶುರುವಾಯಿತೆಂದು ಈಗ ಗೊತ್ತಾಯಿತು. ಆಗ ತಾತ ಇನ್ನೂ ಬದುಕಿದ್ದ, ವರ್ಷವರ್ಷವೂ ಬರುತ್ತಿದ್ದ. ಕೆರೆ ತುಂಬೈತಾ ಎಂದು ಕೇಳಿದ ಬಾಯಲ್ಲೇ ಇನ್ನೊಂದು ಮಾತು ಆಡಬಹುದಿತ್ತು. ಆದರೆ ಅಷ್ಟು ವರ್ಷ ನಡೆದ ಮನುಷ್ಯ ಒಂದು ಬೆಳಿಗ್ಗೆ ಸೈಕಲ್ಲು ಹತ್ತುವುದು ಹೇಗೆ? ಹತ್ತಿದರೆ ನಡೆದದ್ದೆಲ್ಲ ಸುಮ್ಮನೆ ಎಂದು ಊರಿಗೆಲ್ಲ ಸಾರಿದಂತೆ. ಹೆಂಡತಿಗೆ ನಿಮ್ಮಪ್ಪ ಸರಿ, ನಾನು ತಪ್ಪು ಎನ್ನಬೇಕು. ಅದಕ್ಕಿಂತ ನಡೆಯುವುದೇ ಅವರಿಗೆ ಸುಲಭವಾಗಿ ಕಂಡಿರಬೇಕು. ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಆ ಒಡೆದ ಹಿಮ್ಮಡಿಗಳು ನೆನಪಾಗಿ ಕಣ್ಣು ತುಂಬಿತು.

ಸೋಮಾಚಾರಿ ಕಬ್ಬಿಣದ ಪಟ್ಟಿಯಿಂದ ಬಲಗಿವಿಯ ಅಳತೆಗೇ ಎಡಗಿವಿ ಕತ್ತರಿಸಿ, ಬಾಗಿಸಿ, ತೂತು ಕೊರೆದರು. ಕೊಳವೆ ಕೆಂಪಗಾದಾಗ ಬಿಳಿಗಾರ ಉದುರಿಸಿದರು. ಅದು ಉಬ್ಬಿ, ಕರಗಿ, ಗಾಜಿನಂತೆ ಹರಿಯಿತು. ಅದರ ಹಿಂದೆಯೇ ಹಿತ್ತಾಳೆ ಓಡಿ ಬಂದು ಕಿವಿಯ ಬುಡ ಸುತ್ತಿಕೊಂಡಿತು. ಬಣ್ಣ ಹೊಡೀಲಾ ಎಂದರು. ಬೇಡ, ಹಿತ್ತಾಳೆ ಕಾಣಲಿ ಎಂದೆ.

ಅದಾದ ಮೇಲೆ ಹೊಸ ಟೈರು ಬಂತು, ಬ್ರೇಕಿಗೆ ಹೊಸ ರಬ್ಬರು ಬಂತು. ಮಾತು ಮಾತ್ರ ಬರಲಿಲ್ಲ. ಇವತ್ತು ಬಿಳಿಗಾರ ಸಿಕ್ಕಿಬಿದ್ದ ಮೇಲೆ ಇನ್ನು ತಡೆಯುವುದರಲ್ಲಿ ಅರ್ಥವಿಲ್ಲವೆನಿಸಿತು. ಅಮ್ಮ ತನ್ನ ಕಾಫಿ ಹಿಡಿದು ವರಾಂಡಕ್ಕೆ ಬಂದಾಗ ಹೇಳತೊಡಗಿದೆ. ಮೊದಲು ಕಿವಿಯ ವಿಷಯ ಹೇಳಿದೆ.

"ಅದು ಮುರಿದಿರಲಿಲ್ಲ ಕಣಮ್ಮ. ತಾತ ಬ್ರೇಕಿಗೆ ಅಂತ ಹಾಕಿಸಿದ್ದು."

"ಗೊತ್ತು" ಎಂದಳು ಅಮ್ಮ.

"ಯಾವಾಗಿಂದ?" ಎಂದೆ.

"ಮದ್ವೆ ದಿನವೇ ಗೊತ್ತು. ನಿಮ್ ತಾತ ಹುಡುಗನ ಮನೆ ನೋಡೋಕೆ ಬಂದೋನು ಮನೆ ನೋಡ್ಲಿಲ್ಲ, ಹುಡುಗ ಸ್ಕೂಲಿಗೆ ಹೋಗೋ ದಾರಿ ನೋಡ್ಕೊಂಡು ಬಂದ. ಕೋಡಿ ಹತ್ರ ಇಳಿಜಾರೈತೆ, ತಿರುವೈತೆ, ಪಟ್ಟಿ ಬ್ರೇಕು ಅಲ್ಲಿ ನಿಲ್ಲಾಕಿಲ್ಲ ಅಂದ. ಹೊಸಾ ಸೈಕಲ್ಲು ತಂದು, ಪಟ್ಟಿ ಬಿಚ್ಚಾಕಿ, ಬೆಸುಗೆ ಹಾಕ್ಸಿದ. ಹೊರಡೋವಾಗ ನನ್ ಕಿವೀಲಿ ಹೇಳ್ದ. ಮುರಿದಿದ್ದಲ್ಲ ಕಣವ್ವ, ಸಮಯ ನೋಡಿ ಅವ್ರಿಗೆ ನೀನೇ ಹೇಳು ಅಂದ."

"ಹೇಳಲಿಲ್ವಾ?"

"ಹೊಸ ಸೊಸೆ ಕಣೋ. ಬಂದೋಳೇ ಅಪ್ಪನ ಪರ ವಕಾಲತ್ತು ಮಾಡಿದ್ರೆ ಏನಂತಿದ್ರು? ಒಂದಿಷ್ಟು ದಿನ ಹೋಗ್ಲಿ ಅಂದ್ಕೊಂಡೆ. ಆಮೇಲೆ ಹೇಳೋಣ ಅಂತಿದ್ದೆ. ಅಷ್ಟೊತ್ಗೆ ಅವ್ರು ಭಾನುವಾರ ಭಾನುವಾರ ಅಲ್ಲೇ ಕೂತು ಅದನ್ನೇ ನೋಡೋಕ್ ಶುರು ಮಾಡಿದ್ರು. ಇನ್ನೂ ಆ ಅವಮಾನ ಮರ್ತಿಲ್ಲ, ಕೆದಕಿ ಕೆದಕಿ ನೋಡ್ಕೋತಾವ್ರೆ, ನಾನ್ಯಾಕೆ ಬೆಂಕಿಗೆ ಎಣ್ಣೆ ಹುಯ್ಯಲಿ ಅಂತ ಸುಮ್ಕಾದೆ."

ಈಗ ಉಳಿದರ್ಧ ಹೇಳದೆ ಗತಿಯಿರಲಿಲ್ಲ. ಅವಳು ತವರಿಗೆ ಹೋಗಿದ್ದಾಗ ಅಪ್ಪ ಸೈಕಲ್ಲು ತಳ್ಳಿಕೊಂಡು ಹೋದದ್ದು, ಸೋಮಾಚಾರಿ ಹೇಳಿದ್ದು, ಅಪ್ಪ ಬೆರಳಿಟ್ಟು ಸವರಿದ್ದು, ಎಲ್ಲ ಹೇಳಿದೆ. ಆ ಭಾನುವಾರಗಳಲ್ಲಿ ಅಪ್ಪ ಅವಮಾನ ಕೆದಕುತ್ತಿರಲಿಲ್ಲ, ಮಾವ ಹಾಕಿಸಿದ ಬೆಸುಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತಿದ್ದರು ಎಂದೆ.

ಅಮ್ಮನ ಲೋಟದಲ್ಲಿ ಕಾಫಿ ಕೆನೆಗಟ್ಟಿತು. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

"ಹಂಗಾದ್ರೆ ಅವ್ರಿಗೂ ಗೊತ್ತಿತ್ತು" ಎಂದಳು. ಮತ್ತೆ, "ನಮ್ಮಪ್ಪ ಇದ್ದಾಗ್ಲೇ ಗೊತ್ತಿತ್ತು" ಎಂದಳು.

ಲೋಟ ಕೆಳಗಿಟ್ಟು ಎದ್ದು, ಗೋಡೆ ಹಿಡಿದುಕೊಂಡು ಸೈಕಲ್ಲಿನ ಹತ್ತಿರ ಬಂದಳು. ಹಿಂದುಗಡೆ ಬಗ್ಗಿ ನೋಡಿದಳು. ನಾನು ಕಂಡಂತೆ ಅವಳು ಆ ಜಾಗವನ್ನು ನೋಡಿದ್ದು ಅದೇ ಮೊದಲು. ಬಲಗಡೆಯ ಹಳೆಯ ಹಿತ್ತಾಳೆಯನ್ನೂ ಎಡಗಡೆಯ ಹೊಸ ಹಿತ್ತಾಳೆಯನ್ನೂ ಬೆರಳಿನಿಂದ ಸವರಿದಳು.

"ಬ್ರೇಕು ಹೆಂಗೈತೋ?" ಎಂದಳು.

"ನೀನೇ ನೋಡು" ಎಂದು ಸ್ಟಾಂಡು ತೆಗೆದೆ.

ಅವಳು ಎರಡೂ ಕೈಯಿಂದ ಹಿಂಬ್ರೇಕಿನ ಹಿಡಿ ಒತ್ತಿದಳು. ಕಂಬಿ ಕಟಕ್ಕೆಂದು ಎಳೆಯಿತು, ಲಾಳ ನೇರವಾಗಿ ಬಂದು ಚಕ್ರ ಹಿಡಿಯಿತು. ನಾನು ಹಿಂದಿನಿಂದ ಕ್ಯಾರಿಯರ್ ಹಿಡಿದು ತಳ್ಳಿದೆ. ಅಲುಗಲಿಲ್ಲ. ಮೈಭಾರವೆಲ್ಲ ಹಾಕಿ ತಳ್ಳಿದೆ.

"ಹಿಡೀತದೆ ಕಣೋ" ಎಂದಳು ಅಮ್ಮ.

"ಸರಿ, ಬಿಡಮ್ಮ ಇನ್ನ. ಗೇಟಿನವರೆಗೆ ತಳ್ಳಿಕೊಂಡು ಹೋಗ್ತೀನಿ" ಎಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ. ಹಿಡಿಯನ್ನು ಬಿಡಲಿಲ್ಲ. ನಾನು ಕ್ಯಾರಿಯರಿನ ಮೇಲೆ ಕೈಯಿಟ್ಟುಕೊಂಡು, ಅವಳು ಬಿಡುವವರೆಗೆ ಹಿಂದೆಯೇ ನಿಂತಿದ್ದೆ.